ಮೊದಲು ಬೆಚ್ಚಗೆ, ಆಮೇಲೆ ಹಾಲು

(ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಶಿಕ್ಷಕರು ಮತ್ತು ರೈತ ಮಹಿಳೆಯರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಒಗ್ಗುವಂತೆ ತಿದ್ದಿ ಬರೆದದ್ದು.)

ಮಾನ್ಯರೇ,

ಈ ಸಭೆಗೆ ನನ್ನನ್ನು ಕರೆದವರು ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟಿದ್ದರು. ವೃತ್ತಿಯಿಂದ ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಶಿರಾ ಸೀಮೆಯ ನಮ್ಮ ಮನೆಯಲ್ಲಿ, ಅತ್ತೆಯವರ ಯಜಮಾನಿಕೆಯಲ್ಲಿ, ಒಂದು ಸಣ್ಣ ಮೇಕೆ ಮಂದೆಯಿದೆ. ಕಳೆದ ಮಾಗಿಯಲ್ಲಿ ಆ ಮಂದೆಯ ಒಂದು ಎಳೆಯ ಮರಿ ಕಾಯಿಲೆ ಬಿದ್ದಾಗ ಅದನ್ನು ಉಳಿಸಿಕೊಂಡ ಬಗೆಯನ್ನೂ, ಆ ದಿನಗಳಲ್ಲಿ ಮನೆಯ ದಿನಚರಿಗೆ ಮತ್ತು ನನ್ನ ಯೋಚನೆಗೆ ಆದದ್ದನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ. ಇಷ್ಟು ಸಣ್ಣ ಸಂಗತಿಗೆ ಒಂದು ಉಪನ್ಯಾಸವೇ ಎಂದು ಯಾರಿಗಾದರೂ ಅನ್ನಿಸಿದರೆ ಅದು ಸಹಜ. ಆದರೆ 2019ರ ಜಾನುವಾರು ಗಣತಿಯ ಪ್ರಕಾರ ಈ ದೇಶದಲ್ಲಿ 14.88 ಕೋಟಿ ಮೇಕೆಗಳಿವೆ, ನಮ್ಮ ರಾಜ್ಯವೊಂದರಲ್ಲೇ ಅರವತ್ತು ಲಕ್ಷಕ್ಕೂ ಹೆಚ್ಚಿವೆ. ಅಂದರೆ ನಾನು ಹೇಳಲಿರುವ ರಾತ್ರಿಯಂಥ ರಾತ್ರಿ ಪ್ರತಿ ಚಳಿಗಾಲವೂ ಎಷ್ಟೋ ಕೊಟ್ಟಿಗೆಗಳಲ್ಲಿ, ಎಷ್ಟೋ ಅಡುಗೆಮನೆಗಳ ಮೂಲೆಯಲ್ಲಿ ನಡೆಯುತ್ತಿರುತ್ತದೆ. ಅದನ್ನು ನಡೆಸುವವರು ಬಹುಮಟ್ಟಿಗೆ ಹೆಂಗಸರಾದ್ದರಿಂದಲೋ ಏನೋ, ಅದರ ಬಗ್ಗೆ ವೇದಿಕೆಯ ಮೇಲೆ ಮಾತು ಬರುವುದು ಕಡಿಮೆ.

ನನಗೆ ಹೇಳಬೇಕೆನ್ನಿಸಿರುವುದು ಮುಖ್ಯವಾಗಿ ಒಂದೇ. ಕಾಯಿಲೆಯ ಮರಿಯ ಮುಂದೆ ಕುಳಿತಾಗ ನಮ್ಮ ಮಮತೆ ಮೊದಲು ಮಾಡಬಯಸುವುದು ಹಾಲು ಕುಡಿಸುವುದನ್ನು. ಆದರೆ ಬಹಳ ಸಂದರ್ಭಗಳಲ್ಲಿ ಮೊದಲು ಮಾಡಬಾರದ್ದೂ ಅದೇ. ಆರೈಕೆಗೆ ಒಂದು ಕ್ರಮವಿದೆ, ಮತ್ತು ಆ ಕ್ರಮ ಪ್ರೀತಿಯ ಅವಸರವನ್ನು ತಡೆದು ನಿಲ್ಲಿಸುತ್ತದೆ.

ನಮ್ಮ ಮಂದೆಯಲ್ಲಿರುವುದು ಹೆಚ್ಚಾಗಿ ಬಿಳಿ ಮೈಯ ನಂದಿದುರ್ಗ ಮೇಕೆಗಳು. ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಹಿಂದಿನಿಂದಲೂ ಇದ್ದ ಈ ತಳಿಯನ್ನು ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆ ಈಚಿನ ವರ್ಷಗಳಲ್ಲಿ, ಬೀದರಿನ ಕಡೆಯ ಬಿದ್ರಿ ಮೇಕೆಯಂತೆಯೇ, ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಅವಳಿ ಮರಿಗಳು ಇವಕ್ಕೆ ಹೊಸತಲ್ಲ, ಆಗೊಮ್ಮೆ ಈಗೊಮ್ಮೆ ತ್ರಿವಳಿಯೂ ಆಗುವುದುಂಟು. ಮೇಕೆಗೆ ಇರುವುದು ಎರಡೇ ಮೊಲೆ. ಮೂರನೆಯದಾಗಿ ಹುಟ್ಟಿದ ಮರಿ ಸಾಮಾನ್ಯವಾಗಿ ಸಣ್ಣದು, ತಾಯಿ ದಣಿದ ಹೊತ್ತಿನಲ್ಲಿ ಹೊರಬಂದದ್ದು. ತಾಯಿ ಮೊದಲಿನೆರಡನ್ನು ನೆಕ್ಕಿ ಒಣಗಿಸುತ್ತಿರುವಾಗ ಇದು ಒದ್ದೆ ನೆಲದಲ್ಲಿ ಬಿದ್ದಿರುತ್ತದೆ. ನಾನು ಹೇಳುತ್ತಿರುವುದು ಅಂಥದೇ ಒಂದು ಹೋತಮರಿಯ ಕಥೆ. ಅತ್ತೆಯವರು ಲಾಂದ್ರ ಹಿಡಿದು ಕೊಟ್ಟಿಗೆಗೆ ಹೋದಾಗ ಉಳಿದೆರಡು ಮರಿಗಳು ತಡವರಿಸುತ್ತ ಎದ್ದು ನಿಂತಿದ್ದವು. ಇದು ಮಾತ್ರ ಕತ್ತನ್ನು ಪಕ್ಕಕ್ಕೆ ಮಡಿಚಿಕೊಂಡು ಮಲಗಿತ್ತು. ಅರಚುತ್ತಲೂ ಇರಲಿಲ್ಲ.

ಅತ್ತೆಯವರು ಮೊದಲು ಮಾಡಿದ ಕೆಲಸವೆಂದರೆ ತಮ್ಮ ತೋರುಬೆರಳನ್ನು ಮರಿಯ ಬಾಯೊಳಗೆ ಇಟ್ಟದ್ದು. ಆರೋಗ್ಯವಾಗಿರುವ ಮರಿಯ ಬಾಯಿ ಬೆಚ್ಚಗಿರುತ್ತದೆ, ಬೆರಳಿಟ್ಟ ಕೂಡಲೇ ಚೀಪಲು ತೊಡಗುತ್ತದೆ. ಈ ಬಾಯಿ ತಣ್ಣಗಿತ್ತು, ನಾಲಿಗೆ ಅಲುಗಲಿಲ್ಲ. 'ಬಾಯಿ ತಣ್ಣಗೈತೆ, ಈಗಲೇ ಹಾಲು ಬ್ಯಾಡ ಕಣಮ್ಮ' ಎಂದರು. ನಾನು ಒಳಗಿನಿಂದ ಜ್ವರ ನೋಡುವ ಥರ್ಮಾಮೀಟರ್ ತಂದೆ. ಮರಿಯ ಗುದದ್ವಾರದಲ್ಲಿಟ್ಟು ನೋಡಿದರೆ 97 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು. ಇಲ್ಲಿ ಒಂದು ವಿಷಯವನ್ನು ವಿಜ್ಞಾನದ ಶಿಕ್ಷಕಿಯಾಗಿ ಒತ್ತಿ ಹೇಳಬೇಕು. ಮನುಷ್ಯರಿಗೆ 98.6 ಡಿಗ್ರಿ ಸಹಜ ಶಾಖ. ಮೇಕೆಗೆ ಸಹಜವಾದದ್ದು 101.5ರಿಂದ 104ರವರೆಗೆ. ನಮಗೆ ಜ್ವರವೆನಿಸುವುದೇ ಅದಕ್ಕೆ ಆರೋಗ್ಯ, ನಮಗೆ ಆರೋಗ್ಯವೆನಿಸುವುದು ಅದಕ್ಕೆ ಪ್ರಾಣಾಪಾಯ. ಆದ್ದರಿಂದಲೇ ಮರಿಯ ಮೈ ಮುಟ್ಟಿ ನೋಡಿ 'ಸರಿಯಾಗೇ ಇದೆಯಲ್ಲ' ಎಂದುಕೊಳ್ಳುವ ಅಂಗೈ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ತನ್ನ ಶಾಖದೊಂದಿಗೆ ಹೋಲಿಸಿ ತೀರ್ಪು ಕೊಡುತ್ತದೆ. ಅತ್ತೆಯವರ ಬೆರಳಿಗೆ ಮಾತ್ರ ನೂರಾರು ಮರಿಗಳ ಬಾಯಿಯ ನೆನಪಿತ್ತು, ಹಾಗಾಗಿ ಅದು ತಪ್ಪಲಿಲ್ಲ. ಅಷ್ಟು ಅನುಭವವಿಲ್ಲದ ನಮ್ಮಂಥವರು ಔಷಧದ ಅಂಗಡಿಯಲ್ಲಿ ಸಿಗುವ ಒಂದು ಡಿಜಿಟಲ್ ಥರ್ಮಾಮೀಟರನ್ನು ಕೊಟ್ಟಿಗೆಗೆಂದೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ತಣ್ಣಗಾದ ಮರಿಗೆ ಹಾಲು ಏಕೆ ಬೇಡ? ಮೈಶಾಖ ಹೀಗೆ ಇಳಿದಾಗ ಕರುಳು ತನ್ನ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಒಳಹೋದ ಹಾಲು ಅರಗದೆ ಹೊಟ್ಟೆಯಲ್ಲೇ ನಿಂತು ಹುಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಚೀಪುವ ಮತ್ತು ನುಂಗುವ ಶಕ್ತಿಯೇ ಇಲ್ಲದ ಬಾಯಿಗೆ ಸುರಿದ ಹಾಲು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿಯಬಹುದು. ಅಂಥ ಮರಿ ಒಂದೆರಡು ದಿನದಲ್ಲಿ ನ್ಯುಮೋನಿಯಾದಿಂದ ಸಾಯುತ್ತದೆ. 'ಹಾಲು ಕುಡಿಸಿದರೂ ಉಳಿಯಲಿಲ್ಲ' ಎಂದು ನಾವು ಕೊರಗುತ್ತೇವೆ. ಕೆಲವು ಸಲ ಅದು ಉಳಿಯದೆ ಹೋದದ್ದು ಆ ಹೊತ್ತಿನಲ್ಲಿ ಹಾಲು ಕುಡಿಸಿದ್ದರಿಂದಲೇ.

ಎಳೆ ಮರಿ ಹುಟ್ಟುವಾಗಲೇ ತನ್ನೊಂದಿಗೆ ಸ್ವಲ್ಪ ಕಂದು ಕೊಬ್ಬನ್ನು ತಂದಿರುತ್ತದೆ. ಇದು ಮೈಯನ್ನು ಬೆಚ್ಚಗಿಡುವುದಕ್ಕೆಂದೇ ಇರುವ, ಬೇಗ ಉರಿದು ಶಾಖ ಕೊಡುವ ವಿಶೇಷ ಕೊಬ್ಬು. ಐದಾರು ಗಂಟೆಗಳಲ್ಲಿ ಅದು ಮುಗಿಯುತ್ತದೆ, ಅಷ್ಟರೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಬಿದ್ದಿರಬೇಕು. ಒದ್ದೆ ಮೈ, ಬೀಸುವ ಗಾಳಿ, ಸಣ್ಣ ಗಾತ್ರ ಇವು ಮೂರೂ ಸೇರಿದರೆ ಕೊಬ್ಬು ಇನ್ನೂ ಬೇಗ ತೀರುತ್ತದೆ. ಹುಟ್ಟಿ ಹೆಚ್ಚು ಹೊತ್ತಾಗಿರದ ಮರಿಯನ್ನು ಒರೆಸಿ ಒಣಗಿಸಿ ಬೆಚ್ಚಗೆ ಮಾಡಿದರೆ ಸಾಕಾಗಬಹುದು. ನಮ್ಮದು ಅಂಥ ಮರಿ. ಆದರೆ ಹುಟ್ಟಿ ಐದಾರು ಗಂಟೆ ಕಳೆದು, ಹಾಲನ್ನೂ ಕುಡಿಯದೆ ತಣ್ಣಗಾಗಿ ತಲೆ ಎತ್ತಲಾರದೆ ಮಲಗಿರುವ ಮರಿಯ ರಕ್ತದಲ್ಲಿ ಸಕ್ಕರೆಯೂ ತಳ ಮುಟ್ಟಿರುತ್ತದೆ. ಅದನ್ನು ಬರಿದೇ ಬಿಸಿ ಮಾಡಿದರೆ ಫಿಟ್ಸ್ ಬಂದು ಸಾಯುವ ಸಂಭವವಿದೆ. ಅದಕ್ಕೆ ಮೊದಲು ಗ್ಲೂಕೋಸ್, ಆಮೇಲೆ ಬಿಸಿ, ಕೊನೆಗೆ ಹಾಲು. ಆ ಗ್ಲೂಕೋಸನ್ನು ಹೊಟ್ಟೆಯ ಪೊಳ್ಳಿಗೆ ಚುಚ್ಚುಮದ್ದಿನ ಮೂಲಕ ಕೊಡುವುದು ಪಶುವೈದ್ಯರ ಕೆಲಸ, ನಾವು ಕೈ ಹಾಕುವಂಥದ್ದಲ್ಲ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದೆಂಬುದನ್ನು ಇಲ್ಲಿರುವವರು ಅಕ್ಕಪಕ್ಕದವರಿಗೂ ತಿಳಿಸಿ.

ಬೆಚ್ಚಗೆ ಮಾಡುವುದಕ್ಕೆ ದೊಡ್ಡ ಸಾಧನಗಳೇನೂ ಬೇಡ. ಹಳೆಯ ಪಂಚೆಯಿಂದ ಮೈಯನ್ನು ರೋಮದ ಎದುರು ದಿಕ್ಕಿನಲ್ಲಿ ಚೆನ್ನಾಗಿ ಉಜ್ಜಿದೆವು. ಮಂಕರಿಯ ತಳಕ್ಕೆ ಒಣ ಹುಲ್ಲು, ಅದರ ಮೇಲೆ ಗೋಣಿತಾಟು ಹಾಸಿ ಮರಿಯನ್ನು ಮಲಗಿಸಿ, ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿಗಳನ್ನು ಎರಡೂ ಪಕ್ಕಕ್ಕೆ ಇಟ್ಟೆವು. ಬಟ್ಟೆ ಸುತ್ತುವುದನ್ನು ಮರೆಯಬಾರದು. ತಣ್ಣಗಾದ ಮರಿಗೆ ಸುಟ್ಟರೂ ಪಕ್ಕಕ್ಕೆ ಸರಿಯುವ ತ್ರಾಣವಿರುವುದಿಲ್ಲ. ಹುಲ್ಲಿನ ಮೇಲೆ ಬಲ್ಬು ತೂಗುಹಾಕುವುದು, ಕೊಟ್ಟಿಗೆಯಲ್ಲಿ ಕೆಂಡದ ಬಾಣಲೆ ಇಡುವುದು ನಮ್ಮ ಕಡೆ ರೂಢಿಯಲ್ಲಿದೆ. ಒಂದರಿಂದ ಬೆಂಕಿಯ ಭಯ, ಇನ್ನೊಂದರಿಂದ ಹೊಗೆಯ ಭಯ. ಆಮೇಲೆ ಉಳಿಯುವುದು ಕಾಯುವ ಕೆಲಸ. ಅರ್ಧರ್ಧ ಗಂಟೆಗೆ ಶಾಖ ನೋಡುವುದು, ನೀರು ಬದಲಿಸುವುದು. ಈ ಕಾಯುವಿಕೆಯಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ, ಏಕೆಂದರೆ ಕೈಗೆ ಏನೂ ಮಾಡಲು ಸಿಗುವುದಿಲ್ಲ. ಪಕ್ಕದಲ್ಲಿ ಕರೆದಿಟ್ಟ ಗಿಣ್ಣದ ಹಾಲು ಕಾಣುತ್ತಿರುತ್ತದೆ, 'ಒಂದು ಚಮಚ ಹಾಕಿದರೆ ಏನಾದೀತು' ಎಂದು ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಕೇಳುತ್ತಾರೆ. ಶಾಖ 100 ದಾಟಿ, ಮರಿ ತಲೆ ಎತ್ತಿ, ಬೆರಳನ್ನು ಚೀಪುವವರೆಗೆ ಬೇಡ ಎನ್ನುವ ಒಬ್ಬರು ಆ ಮನೆಯಲ್ಲಿರಬೇಕು. ನಮ್ಮ ಮನೆಯಲ್ಲಿ ಅದು ಅತ್ತೆಯವರು.

ಮಂಕರಿಯನ್ನು ನಾವು ಅಡುಗೆಮನೆಗೆ ಒಯ್ಯಲಿಲ್ಲ, ತಾಯಿಯ ಮೂಗಿಗೆ ಎಟಕುವಷ್ಟು ಹತ್ತಿರ ಕೊಟ್ಟಿಗೆಯಲ್ಲೇ ಇಟ್ಟೆವು. ಇದೂ ಕ್ರಮದ ಒಂದು ಭಾಗ. ಮೇಕೆ ತನ್ನ ಮರಿಯನ್ನು ಮೊದಲು ಗುರುತಿಸುವುದು ವಾಸನೆಯಿಂದ, ನೆಕ್ಕುತ್ತ ನೆಕ್ಕುತ್ತ. 1964ರಲ್ಲಿ ಅಮೆರಿಕದ ಪೀಟರ್ ಕ್ಲಾಪ್ಫರ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗವಿದೆ. ಈದ ಕೂಡಲೇ ಕೇವಲ ಐದು ನಿಮಿಷ ಮರಿಯ ಜೊತೆ ಕಳೆದ ಮೇಕೆಗಳು, ಆಮೇಲೆ ಒಂದೆರಡು ಗಂಟೆ ಅಗಲಿಸಿ ಮರಳಿ ತಂದರೂ ಬಹುಪಾಲು ತಮ್ಮ ಮರಿಯನ್ನು ಒಪ್ಪಿಕೊಂಡವು. ಆ ಐದು ನಿಮಿಷವೂ ಸಿಗದವು ತಮ್ಮದೇ ಮರಿಯನ್ನು ಹಾಯ್ದು ಹೊರದೂಡಿದವು. ಇದನ್ನು ಓದಿದಾಗ ನನಗೆ ಬಹಳ ಹೊತ್ತು ಬೇರೇನನ್ನೂ ಯೋಚಿಸಲಾಗಲಿಲ್ಲ. ತಾಯ್ತನವೆಂಬುದು ಒಂದು ಶಾಶ್ವತ ಗುಣವೆಂದು ನಾವು ಎಷ್ಟು ಹಾಡಿ ಹೊಗಳುತ್ತೇವೆ. ಇಲ್ಲಿ ನೋಡಿದರೆ ಅದು ಕೆಲವು ನಿಮಿಷಗಳ ಕಾಲ ತೆರೆದಿರುವ ಬಾಗಿಲು. ಆ ಹೊತ್ತಿಗೆ ದಣಿದಿದ್ದರೆ, ಗಾಬರಿಯಾಗಿದ್ದರೆ, ಬೇರೆ ಮರಿಯಲ್ಲಿ ಮಗ್ನಳಾಗಿದ್ದರೆ ಅದು ಮುಚ್ಚಿಹೋಗುತ್ತದೆ. ನಮ್ಮ ಮೇಕೆಯನ್ನು ಕೆಟ್ಟ ತಾಯಿ ಎಂದು ಬೈಯಲು ನನಗೆ ಆಮೇಲೆ ಮನಸ್ಸಾಗಲಿಲ್ಲ. ಅತ್ತೆಯವರು ಈ ಪ್ರಯೋಗವನ್ನು ಕೇಳಿದವರಲ್ಲ. ಆದರೆ ಮರಿಯನ್ನು ಒರೆಸಿದ ಒದ್ದೆ ಬಟ್ಟೆಯನ್ನು ಅವರು ತಾಯಿಯ ಮೂಗಿನ ಮುಂದೆಯೇ ಹಾಸಿದ್ದರು. ನಡುರಾತ್ರಿಯ ಹೊತ್ತಿಗೆ ಅದು ಬಟ್ಟೆಯನ್ನೂ, ಆಮೇಲೆ ಮಂಕರಿಯೊಳಗೆ ಕತ್ತು ಚಾಚಿ ಮರಿಯನ್ನೂ ನೆಕ್ಕಿತು. ಆದರೂ ಮೂರಕ್ಕೆ ಹಾಲು ಸಾಲದೆ ಇದಕ್ಕೆ ಬಾಟಲಿ ಅನಿವಾರ್ಯವಾಯಿತು.

ಮೊದಲ ಹಾಲಿನ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಒಂದು ನಂಬಿಕೆ ಉಳಿದಿದೆ. ಮಾಸು ಬೀಳುವ ತನಕ ಮರಿಯನ್ನು ಮೊಲೆಗೆ ಬಿಡಬಾರದು, ದಪ್ಪನೆಯ ಗಿಣ್ಣದ ಹಾಲು ಕುಡಿದರೆ ಭೇದಿಯಾಗುತ್ತದೆ, ಅದನ್ನು ಕರೆದು ಚೆಲ್ಲಬೇಕು ಎಂದು. ಹಿರಿಯರ ತಿಳಿವಳಿಕೆಯನ್ನು ಗೌರವಿಸುವ ನಾನು ಈ ಒಂದು ಮಾತನ್ನು ಮಾತ್ರ ಎಲ್ಲಿ ಕೇಳಿದರೂ ವಿರೋಧಿಸುತ್ತೇನೆ. ಮನುಷ್ಯ ಶಿಶುವಿಗೆ ತಾಯಿಯ ರೋಗನಿರೋಧಕ ಕಣಗಳ ಒಂದು ಪಾಲು ಗರ್ಭದಲ್ಲಿರುವಾಗಲೇ ದೊರೆಯುತ್ತದೆ. ಮೇಕೆಯ ಮಾಸು ಅವನ್ನು ದಾಟಲು ಬಿಡುವುದಿಲ್ಲ. ಮರಿ ಹುಟ್ಟುವಾಗ ರೋಗದ ಎದುರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ರಕ್ಷಣೆ ದೊರೆಯುವುದು ಗಿಣ್ಣದ ಹಾಲಿನಿಂದ, ಅದೂ ಕರುಳು ಆ ಕಣಗಳನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವ ಮೊದಲ ಗಂಟೆಗಳಲ್ಲಿ. ಗಂಟೆ ಕಳೆದಂತೆ ಆ ಶಕ್ತಿ ಇಳಿಯುತ್ತ ಹೋಗಿ, ಒಂದು ದಿನದ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮೊದಲ ದಿನ ಮೈತೂಕದ ಹತ್ತರಲ್ಲೊಂದು ಪಾಲಾದರೂ, ಅಂದರೆ ಎರಡು ಕಿಲೋ ಮರಿಗೆ 200 ಮಿಲಿಲೀಟರ್ ಗಿಣ್ಣದ ಹಾಲನ್ನು ನಾಲ್ಕೈದು ಸಲ ಹಂಚಿ ಕುಡಿಸಬೇಕು. ಹೆಚ್ಚು ಹಾಲಿನ ಮೇಕೆ ಈದಾಗ ಒಂದಿಷ್ಟು ಗಿಣ್ಣವನ್ನು ಶುಚಿಯಾದ ಬಾಟಲಿಯಲ್ಲಿ ಫ್ರೀಜರಿನಲ್ಲಿಟ್ಟುಕೊಂಡರೆ ತಬ್ಬಲಿ ಮರಿಗೆ ಆಗುತ್ತದೆ. ಬಳಸುವಾಗ ಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಬೇಕು. ಒಲೆಯ ಮೇಲಿಟ್ಟು ಕಾಯಿಸಿದರೆ ಗಟ್ಟಿಯಾಗಿ ನಮಗೆ ತಿನ್ನಲು ರುಚಿಯಾದ ಗಿಣ್ಣವಾದೀತೇ ಹೊರತು ಮರಿಯ ಪಾಲಿಗೆ ಅದರ ರಕ್ಷಣೆ ಉಳಿಯದು. ಈಯುವ ಒಂದು ತಿಂಗಳ ಮೊದಲು ತಾಯಿಗೆ ಕರುಳುಬೇನೆಯ ಲಸಿಕೆ ಹಾಕಿಸಿದ್ದರೆ ಅದರ ಫಲವೂ ಇದೇ ಹಾಲಿನಲ್ಲಿ ಮರಿಗೆ ಸಿಗುತ್ತದೆ.

ಹಾಲು ಕುಡಿಸುವ ಭಂಗಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಮತೆ ಇಲ್ಲಿಯೂ ಅಡ್ಡ ಬರುತ್ತದೆ. ಮರಿಯನ್ನು ಎತ್ತಿಕೊಂಡ ಕೂಡಲೇ ನಮ್ಮ ತೋಳು ತಾನಾಗಿ ಕೂಸನ್ನು ಹಿಡಿಯುವ ಹಾಗೆ ಬಾಗುತ್ತದೆ. ಮರಿಯ ಬೆನ್ನು ಕೆಳಗೆ, ಹೊಟ್ಟೆ ಮೇಲೆ. ನೋಡಲು ಚೆಂದ. ಮೊಬೈಲಿನಲ್ಲಿ ಸ್ವೆಟರು ತೊಡಿಸಿದ ಮರಿಗಳಿಗೆ ಹೀಗೆ ಬಾಟಲಿ ಹಿಡಿದು ಕುಡಿಸುವ ದೃಶ್ಯಗಳನ್ನು ನೀವೂ ನೋಡಿರುತ್ತೀರಿ, ನನಗೆ ಅವನ್ನು ನೋಡುವಾಗ ಎದೆ ಡವಗುಟ್ಟುತ್ತದೆ. ಮರಿ ತನ್ನ ಕಾಲ ಮೇಲೆ ನಿಂತು, ಇಲ್ಲವೇ ಎದೆಯ ಮೇಲೆ ಕುಳಿತು, ಕತ್ತನ್ನು ಮುಂದಕ್ಕೆ ಸ್ವಲ್ಪ ಮೇಲಕ್ಕೆ ಚಾಚಿ ಕುಡಿಯಬೇಕು. ಕೆಚ್ಚಲಿನ ಕೆಳಗೆ ಅದು ನಿಲ್ಲುವ ಭಂಗಿ ಅದೇ. ಮೇಕೆಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮರಿ ಚೀಪುವಾಗ ಅನ್ನನಾಳದ ತುದಿಯ ಒಂದು ಮಡಿಕೆ ಕೊಳವೆಯಂತೆ ಸುತ್ತಿಕೊಂಡು ಹಾಲನ್ನು ಮೊದಲ ಕೋಣೆಗಳಿಗೆ ಬೀಳಿಸದೆ ನೇರವಾಗಿ ನಾಲ್ಕನೆಯದಕ್ಕೆ, ಅಂದರೆ ಹಾಲು ಅರಗುವ ಜಾಗಕ್ಕೆ ಒಯ್ಯುತ್ತದೆ. ಬಿದಿರಿನ ಗೊಟ್ಟದಲ್ಲಿ ಎತ್ತಿ ಸುರಿದ ಹಾಲಿಗೆ ಈ ದಾರಿ ತೆರೆಯುವುದು ಖಾತ್ರಿಯಿಲ್ಲ. ಗೊಟ್ಟ ದೊಡ್ಡ ದನಗಳಿಗೆ ಔಷಧ ಕುಡಿಸಲು ಸರಿ, ಎಳೆಯ ಮರಿಯ ಗಂಟಲಿಗೆ ಅದು ಸಲ್ಲದು. ಹಾಲಿನ ಬಿಸಿ ನಮ್ಮ ಮಣಿಕಟ್ಟಿಗೆ ಹಿತವಾಗಿ ಬೆಚ್ಚಗೆನಿಸುವಷ್ಟಿರಲಿ, ತೊಟ್ಟಿನ ತೂತು ಸಣ್ಣದಿರಲಿ. ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟು ಕುಡಿಸಿ ನಾವು ನಿದ್ದೆ ಮಾಡಲು ಹೋಗುವುದಕ್ಕಿಂತ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕುಡಿಸುವುದು ಮರಿಗೆ ಕ್ಷೇಮ.

ಆ ಹಲವು ಸಲಗಳೇ ಮನೆಯ ದಿನಚರಿಯನ್ನು ಬದಲಿಸಿದ್ದು. ಅಡುಗೆಮನೆಯ ಕ್ಯಾಲೆಂಡರಿನ ಹಾಳೆಯಲ್ಲಿ ಹಾಲಿನವರ ಲೆಕ್ಕದ ಪಕ್ಕ ಮರಿಯ ಹಾಲಿನ ಹೊತ್ತು, ಅಳತೆ, ಶಾಖ, ಹಿಕ್ಕೆಯ ಬಗೆ ಎಲ್ಲವನ್ನೂ ಬರೆಯತೊಡಗಿದೆವು. ಮೊದಲ ರಾತ್ರಿಗಳ ಕಾವಲು ಅತ್ತೆಯವರದು, ಬೆಳಗಿನ ಜಾವ ನನ್ನದು, ಮಧ್ಯಾಹ್ನ ಶಾಲೆಯಿಂದ ಬೇಗ ಬರುವ ಕಿರಿಯ ಮಗಳದು. ಯಜಮಾನರಿಗೆ ಬಾಟಲಿ ಕುದಿಸಿ ತೊಳೆಯುವ ಕೆಲಸ ಬಂತು, ಅವರು ಅದನ್ನು ಗೊಣಗದೆ ಮಾಡಿದರು ಎಂದು ಇಲ್ಲಿ ದಾಖಲಿಸುವುದು ನ್ಯಾಯ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ನಾನು ತಿದ್ದಿದ್ದು ಬೆಳಗಿನ ಜಾವದ ಆ ಹೊತ್ತಿನಲ್ಲೇ. ಮರಿ ಒಂದು ಪತ್ರಿಕೆಯ ಅಂಚನ್ನು ಅಗಿದು ನೋಡಿ, ರುಚಿಸದೆ ಬಿಟ್ಟಿತು. ತಾಯಿಯ ಹಾಲು ಸಾಲದೆ ಹೋದಾಗ ಹಸುವಿನ ಹಾಲನ್ನು ಸೇರಿಸಿದೆವು. ಹಸುಗೂಸಿಗೆ ಮೇಕೆಯ ಹಾಲು ಒಳ್ಳೆಯದು ಎಂದು ನಮ್ಮ ಮನೆ ಬಾಗಿಲಿಗೆ ಲೋಟ ಹಿಡಿದು ಬರುವವರಿದ್ದಾರೆ. ಆಗ ನಮ್ಮ ಮನೆಯಲ್ಲಿ ಮೇಕೆಯ ಕೂಸು ಹಸುವಿನ ಹಾಲು ಕುಡಿಯುತ್ತಿತ್ತು.

ರಾತ್ರಿಯ ಕಾವಲಿನಲ್ಲಿ ಮನಸ್ಸು ಓಡುವ ದಾರಿಗಳು ವಿಚಿತ್ರ. ಮೊದಲೆಲ್ಲ ಉಸಿರಾಟವನ್ನೇ ಎಣಿಸುತ್ತ ಕೂರುತ್ತೇವೆ. ಆಮೇಲೆ ಕೊಟ್ಟಿಗೆಯ ಒಂದೊಂದು ದನಿಯೂ ಬೇರೆಬೇರೆಯಾಗಿ ಕೇಳತೊಡಗುತ್ತದೆ. ಮೆಲುಕು ಹಾಕುವ ಸದ್ದು, ಹಲ್ಲು ಕಡಿಯುವ ಸದ್ದು ಬೇರೆ. ಹಸಿವಿನ ಅರಚು, ನೋವಿನ ಅರಚು ಬೇರೆ. ಹಲ್ಲು ಕಡಿಯುವುದು ಮೇಕೆಯ ನೋವಿನ ಗುರುತು ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು, ಆ ಸದ್ದು ಹೇಗಿರುತ್ತದೆಂಬುದು ಕತ್ತಲಲ್ಲಿ ಕುಳಿತಾಗ ಗೊತ್ತಾಯಿತು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದಂತೆ, ಮರಿಗಳನ್ನು ಅಗಲಿ ಹಲವು ತಿಂಗಳಾದ ಮೇಲೂ ಮೇಕೆಗಳು ತಮ್ಮ ಮರಿಯ ಎಳೆ ದನಿಯ ಧ್ವನಿಮುದ್ರಣಕ್ಕೆ ಇತರ ಮರಿಗಳ ದನಿಗಿಂತ ಹೆಚ್ಚು ಸ್ಪಂದಿಸುತ್ತವೆ. ಸಂತೆಯಿಂದ ಮರಳಿದ ರಾತ್ರಿ ಮಾರಿದ ಮರಿಗಳ ತಾಯಂದಿರು ಅರಚುವುದನ್ನು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಈ ಸಂಗತಿ ಹೊಸದೆನಿಸಲಾರದು.

ಮರಿ ಚೇತರಿಸಿಕೊಂಡು ನೆಗೆಯತೊಡಗಿದ ಮೇಲೆ, ಮೂರು ವಾರ ದಾಟಿದ ಹೊತ್ತಿಗೆ ಎರಡನೆಯ ಕಾಯಿಲೆ ಬಂತು. ಗುಂಡಾಗಿ ಬೀಳುತ್ತಿದ್ದ ಹಿಕ್ಕೆ ಮೆತ್ತಗಾಯಿತು, ಮರುದಿನ ನೀರಾಯಿತು, ಬಾಲದ ಸುತ್ತ ಅಂಟಿಕೊಂಡಿತು, ಅದರಲ್ಲಿ ರಕ್ತದ ಎಳೆ ಕಂಡಿತು. ಆಸ್ಪತ್ರೆಗೆ ಹಿಕ್ಕೆಯ ಮಾದರಿಯನ್ನು ಒಯ್ದಾಗ ಅದು ಕಾಕ್ಸಿಡಿಯಾ ಎಂಬ, ಕರುಳಿನ ಗೋಡೆಯನ್ನು ಹೊಕ್ಕು ವೃದ್ಧಿಸುವ ಏಕಕೋಶ ಜೀವಿಯ ಕಾಟವೆಂದು ಗೊತ್ತಾಗಿ, ವೈದ್ಯರು ಅದಕ್ಕೆ ತಕ್ಕ ಔಷಧವನ್ನು ತೂಕ ನೋಡಿ ಬರೆದುಕೊಟ್ಟರು. ಮೊದಲ ವಾರದ ಭೇದಿಗೆ ಕಾರಣ ಬೇರೆ, ಮೂರು ವಾರದ ನಂತರದ ಭೇದಿಗೆ ಕಾರಣ ಬೇರೆ ಇರಬಹುದಾದ್ದರಿಂದ, ಪಕ್ಕದ ಮನೆಯಲ್ಲಿ ಉಳಿದ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಅಭ್ಯಾಸ ಒಳ್ಳೆಯದಲ್ಲ. ಔಷಧ ಯಾವುದೇ ಇರಲಿ, ಭೇದಿಯಾದ ಮರಿಯನ್ನು ಬೇಗ ಕೊಲ್ಲುವುದು ನೀರಿನ ಕೊರತೆ. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಕೂಡಲೇ ಮೊದಲಿನಂತಾಗದೆ ಮಡಿಕೆಯಾಗಿ ನಿಂತರೆ, ಕಣ್ಣು ಗುಳಿಬಿದ್ದರೆ, ನೀರು ಬತ್ತಿದೆಯೆಂದು ತಿಳಿಯಬೇಕು.

ವೈದ್ಯರು ಔಷಧದ ಜೊತೆಗೆ ಹೇಳಿದ್ದು ನಮ್ಮ ಮನೆಯ ಡಬ್ಬಿಯಲ್ಲೇ ಇದ್ದ ಓಆರ್‌ಎಸ್ ಪೊಟ್ಟಣವನ್ನು. ಅದನ್ನು ನೀರಿನಲ್ಲಿ ಕದಡುವಾಗ ನನಗೆ ಅದರ ಚರಿತ್ರೆ ನೆನಪಾಗದೆ ಇರಲಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನರಕ್ಕೆ ಹಾಕುವ ದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಬಾಯಿಯ ಮೂಲಕ ಕುಡಿಸಿದರು. ಕುಡಿಸಿದವರಲ್ಲಿ ಹೆಚ್ಚಿನವರು ರೋಗಿಗಳ ಮನೆಯವರೇ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು, ಉಪ್ಪಿನ ಹಿಂದೆ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ಕೆಲಸ ಮನುಷ್ಯನ ಕರುಳಿನಲ್ಲಿ ನಡೆಯುವಂತೆಯೇ ಮೇಕೆಯ ಕರುಳಿನಲ್ಲೂ ನಡೆಯುತ್ತದೆ. ಇಲ್ಲಿಯೂ ಕ್ರಮವುಂಟು. ಈ ನೀರನ್ನು ಹಾಲಿನಲ್ಲಿ ಬೆರೆಸಬಾರದು, ಏಕೆಂದರೆ ಹಾಲು ಹೊಟ್ಟೆಯಲ್ಲಿ ಸರಿಯಾಗಿ ಹೆಪ್ಪುಗಟ್ಟದು. ಎರಡು ಹಾಲಿನ ನಡುವಿನ ಬಿಡುವಿನಲ್ಲಿ ಕುಡಿಸಬೇಕು. ಭೇದಿಯೆಂದು ಹಾಲನ್ನೇ ದಿನಗಟ್ಟಲೆ ನಿಲ್ಲಿಸಿದರೆ ಮರಿ ಹಸಿವಿನಿಂದಲೇ ಸೋಲುತ್ತದೆ. ಜೊತೆಗೆ ಒದ್ದೆಯಾದ ಹಾಸನ್ನು ದಿನವೂ ತೆಗೆದು ಒಣ ಹಾಸು ಹಾಕಿದೆವು, ಮೇವಿನ ಬಾನಿಯನ್ನು ಮರಿಗಳು ಹತ್ತಿ ಹಿಕ್ಕೆ ಹಾಕದಷ್ಟು ಎತ್ತರಕ್ಕೆ ಏರಿಸಿದೆವು. ಈ ರೋಗ ಹಬ್ಬುವುದೇ ತೇವದಿಂದ ಮತ್ತು ಇಕ್ಕಟ್ಟಿನಿಂದ. ಮತ್ತೆ ಗುಂಡು ಹಿಕ್ಕೆ ಕಂಡ ದಿನ ಮಗಳು ಅದನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಳು.

ಇನ್ನು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆಗೆ ಬರುತ್ತೇನೆ. ಆ ಮರಿ ಹೋತ. ತಳಿಗೆ ಉಳಿಸಿಕೊಳ್ಳುವ ಒಂದೆರಡನ್ನು ಬಿಟ್ಟರೆ ಹೋತಗಳ ದಾರಿ ಸಂತೆಗೆ, ಅಲ್ಲಿಂದ ಮಾಂಸದಂಗಡಿಗೆ. ನಮ್ಮ ಕಡೆಯವು ಬಹಳ ಸಲ ಅಕ್ಕಿರಾಂಪುರದ ಸಂತೆಗೆ ಹೋಗುತ್ತವೆ. ಶಾಲೆಯಲ್ಲಿ ಒಬ್ಬ ಸಹೋದ್ಯೋಗಿ ನೇರವಾಗಿಯೇ ಕೇಳಿದರು, 'ಕೊನೆಗೆ ಕಡಿಯುವುದಕ್ಕೆ ಕೊಡುವ ಮರಿಗೆ ಇಷ್ಟು ನಿದ್ದೆಗೆಡುವುದು ಬೂಟಾಟಿಕೆಯಲ್ಲವೇ ಮೇಡಂ?' ನೆರೆಯ ರೈತರೊಬ್ಬರು ಅದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಕೇಳಿದರು, 'ಒಂದು ಮರಿಗೆ ಇಷ್ಟು ಔಷಧ, ಇಷ್ಟು ಹೊತ್ತು ಹಾಕಿದರೆ ಲೆಕ್ಕ ಹೊಂದುತ್ತದೆಯೇ ಅಕ್ಕ?' ಒಬ್ಬರಿಗೆ ನಮ್ಮ ಆರೈಕೆ ಪ್ರೀತಿಯಾಗಿ ಸಾಲದು, ಇನ್ನೊಬ್ಬರಿಗೆ ವ್ಯಾಪಾರವಾಗಿ ಹೆಚ್ಚು.

ಪಶ್ಚಿಮ ಇರಾನಿನ ಝಾಗ್ರೋಸ್ ಬೆಟ್ಟಗಳಲ್ಲಿ ಗಂಜ್ ದರೇಹ್ ಎಂಬ ಹಳೆಯ ನೆಲೆಯಿದೆ. ಅಲ್ಲಿ ದೊರೆತ ಮೇಕೆಗಳ ಎಲುಬುಗಳನ್ನು ಮೆಲಿಂಡಾ ಝೆಡರ್ ಮತ್ತು ಬ್ರಯಾನ್ ಹೆಸ್ಸೆ 2000ದಲ್ಲಿ ಪರಿಶೀಲಿಸಿ, ಸುಮಾರು 10,000 ವರ್ಷಗಳ ಹಿಂದೆಯೇ ಅಲ್ಲಿನವರು ಹೋತಗಳನ್ನು ಎಳೆಯದರಲ್ಲೇ ಕಡಿದು, ಹೆಣ್ಣುಗಳನ್ನು ಮರಿ ಹಾಕಲು ಬಹುಕಾಲ ಉಳಿಸಿಕೊಳ್ಳುತ್ತಿದ್ದರೆಂದು ತೋರಿಸಿದರು. ಮೇಕೆ ಸಾಕಣೆಯ ಅತಿ ಹಳೆಯ ಸಾಕ್ಷ್ಯಗಳಲ್ಲಿ ಒಂದು ಎಂದರೆ ಈ ಲೆಕ್ಕಾಚಾರವೇ. ಅಂದರೆ ಸಾಕುವುದು ಮತ್ತು ಕೊಲ್ಲುವುದು ಮೊದಲಿನಿಂದಲೂ ಒಂದೇ ಹಟ್ಟಿಯಲ್ಲಿ ನಡೆದಿವೆ. ಹಾಗೆ ಕಡಿಯಲಿರುವ ಮರಿಯನ್ನೂ ಅಲ್ಲಿಯ ಯಾರಾದರೂ ಚಳಿಯ ರಾತ್ರಿ ಎದೆಗೊತ್ತಿಕೊಂಡು ಬೆಚ್ಚಗಿಟ್ಟಿರಲೇಬೇಕು. ಎಲುಬು ಅದನ್ನು ಹೇಳುವುದಿಲ್ಲ, ಆದರೆ ಹಾಗಿಲ್ಲದೆ ಮಂದೆ ಉಳಿಯುತ್ತಿರಲಿಲ್ಲ. ನನಗೆ ಬೂಟಾಟಿಕೆಯೆನಿಸುವುದು ಇದಲ್ಲ. ಹೇಗಿದ್ದರೂ ಮಾರುವುದು ತಾನೆ ಎಂದು ನೋವಿನಲ್ಲಿ ನರಳುವ ಮರಿಯನ್ನು ಮೂಲೆಗೆ ತಳ್ಳುವುದು ನನಗೆ ಒಪ್ಪಿಗೆಯಾಗದು. ಮುಂದೆ ಏನಾಗಲಿದೆ ಎಂಬುದನ್ನು ನೋಡಿ ಇಂದಿನ ಆರೈಕೆಯ ಅಳತೆಯನ್ನು ನಿಗದಿ ಮಾಡಲು ಹೊರಟರೆ, ಅದು ಮೇಕೆಯ ಬಳಿಗೆ ಮಾತ್ರ ನಿಲ್ಲಲಾರದು ಎಂಬ ಭಯವೂ ನನಗಿದೆ. ಅತ್ತೆಯವರಿಗೆ ಇಂಥ ವಾದಗಳು ಬೇಕಿಲ್ಲ. ಅವರು ಹೋತಮರಿಗಳಿಗೆ ಹೆಸರಿಡುವುದಿಲ್ಲ, ಇಡಲು ಮಕ್ಕಳಿಗೂ ಬಿಡುವುದಿಲ್ಲ. ಹೆಸರಿಲ್ಲದ ಮರಿಗೆ ಅವರು ರಾತ್ರಿಯಿಡೀ ಕೂರುತ್ತಾರೆ.

ಎಲ್ಲವೂ ಉಳಿಯುತ್ತವೆಂಬ ಭ್ರಮೆ ಬೇಡ. ಎಷ್ಟು ಕ್ರಮದಿಂದ ನಡೆದುಕೊಂಡರೂ ಹೋಗುವ ಮರಿಗಳಿವೆ. ಪಿಪಿಆರ್ ಎಂಬ ಹಿರೇಬೇನೆ ಮಂದೆಗೆ ನುಗ್ಗಿದರೆ ಯಾವ ಮಂಕರಿಯೂ ಬಾಟಲಿಯೂ ಸಾಲುವುದಿಲ್ಲ, ಅದಕ್ಕೆ ಲಸಿಕೆಯೊಂದೇ ಉಪಾಯ. ಮೂರು-ನಾಲ್ಕು ತಿಂಗಳು ತುಂಬಿದ ಮರಿಗೆ ಅದನ್ನು ಹಾಕಿಸಬಹುದು. 2011ರಲ್ಲಿ ದನಗಳ ದೊಡ್ಡರೋಗ ಜಗತ್ತಿನಿಂದಲೇ ಅಳಿಯಿತೆಂದು ಘೋಷಣೆಯಾದ ಹಾಗೆ, 2030ರೊಳಗೆ ಇದನ್ನೂ ಅಳಿಸುವ ಗುರಿ ಜಾಗತಿಕ ಮಟ್ಟದಲ್ಲಿದೆ. ನಮ್ಮ ಮರಿಗೂ ಲಸಿಕೆಯಾಗಿದೆ.

ಮಾತು ಮುಗಿದ ಮೇಲೆ ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಆ ಮರಿ ಈಗ ಎಲ್ಲಿದೆ ಎಂದು ಒಬ್ಬ ಹುಡುಗ ಕೇಳಿದ. ಮಂದೆಯ ಜೊತೆ ಬೇಲಿಯ ಸೊಪ್ಪು ಮೇಯುತ್ತಿದೆ, ಕೊಂಬು ಮೂಡಿದೆ, ಬಾಟಲಿ ಕಂಡರೆ ಇನ್ನೂ ಓಡಿಬರುತ್ತದೆ, ಯುಗಾದಿಯ ಹೊಸತೊಡಕಿಗೆ ಮುಂಚೆ ಒಳ್ಳೆಯ ಬೆಲೆ ಬಂದರೆ ಉಳಿದ ಹೋತಗಳ ಜೊತೆ ಅದೂ ಹೋಗುತ್ತದೆ ಎಂದೆ. ಅವನಿಗೆ ಆ ಉತ್ತರ ಹಿಡಿಸಲಿಲ್ಲ.

ಎರಡನೆಯ ಪ್ರಶ್ನೆ ಒಬ್ಬ ತಾಯಿಯದು. ಕಾಯಿಲೆಯ ಮರಿಯನ್ನು ಚಿಕ್ಕ ಮಕ್ಕಳಿರುವ ಮನೆಯೊಳಗೆ ತರಬಹುದೇ ಎಂದು. ಮರಿಯ ಭೇದಿಯಿಂದ ಮಕ್ಕಳಿಗೂ ಭೇದಿ ಅಂಟುವ ಕೆಲವು ರೋಗಗಳಿರುವುದರಿಂದ, ಮುಟ್ಟಿದ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಬೇಕು, ಅಡುಗೆಯ ಪಾತ್ರೆ ಮತ್ತು ಮರಿಯ ಪಾತ್ರೆ ಬೇರೆ ಇರಬೇಕು, ಮೇಕೆಯ ಹಾಲನ್ನು ಕಾಯಿಸದೆ ಯಾರೂ ಕುಡಿಯಬಾರದು ಎಂದೆ. ಗರ್ಭಿಣಿಯರು ಮೇಕೆ ಈಯುವ ಜಾಗದಿಂದಲೂ, ಕಂದು ಹಾಕಿದ, ಅಂದರೆ ಗರ್ಭಪಾತವಾದ ಮೇಕೆಯಿಂದಲೂ ದೂರವಿರಬೇಕು, ಏಕೆಂದರೆ ಬ್ರುಸೆಲ್ಲಾದಂಥ ಸೋಂಕುಗಳು ಮಾಸು ಮತ್ತು ಅದರ ನೀರಿನ ಮೂಲಕ ಮನುಷ್ಯರಿಗೆ ಹರಡುತ್ತವೆ. ಮಾಸನ್ನಾಗಲಿ ಸತ್ತ ಮರಿಯನ್ನಾಗಲಿ ನಾಯಿಗೆ ಎಸೆಯದೆ, ಕೈಗವಸು ತೊಟ್ಟು, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಈ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ ಎಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದವರನ್ನು ನೋಡಿಯೇ ಹೇಳಿದೆ.